ಪದಕ್ಕೆ ಎಷ್ಟು?

ಇವತ್ತು ದಾವಣಗೆರೆಯ ಕ್ಲಾಸಲ್ಲಿ ಅನುವಾದ ಕಲಿಯೋ ಮಕ್ಕಳಿಗೆ ಕೊಟೇಶನ್ ಬರೆಸಿದೆ. ‘ಪದಕ್ಕೆ ಎಷ್ಟು ಕೇಳ್ತೀಯಮ್ಮ?’ ಅಂದರೆ, ಹರಿಹರದಿಂದ ಬರೋ ಹುಡುಗಿ ತಲೆ ತಗ್ಗಿಸಿ, ‘ಅವರು ಎಷ್ಟು ಕೊಟ್ರೆ ಅಷ್ಟು ಸರ್’ ಅಂದಳು.

ಬೋರ್ಡ್ ಮೇಲೆ ‘ಫ್ರಮ್ ಇನ್‌ಸೈಡ್ ದ ಹೌಸ್’ ಅಂತ ಬರೆದೆ. ಇಂಗ್ಲಿಷಿನಲ್ಲಿ 4 ಪದ. ಕನ್ನಡದಲ್ಲಿ ‘ಮನೆಯೊಳಗಿಂದ’, ಒಂದೇ! ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡು ಬರ್ತವೆ. ಅದಕ್ಕೇ ಇಂಗ್ಲಿಷಿಂದ ಕನ್ನಡಕ್ಕೆ ತರುವಾಗ ಮೂಲದ ಪದ ಎಣಿಸಿ ದುಡ್ಡು ಕೇಳಬೇಕು, ಕನ್ನಡದ್ದು ಎಣಿಸಿದರೆ ಕೈಗೆ ಬರೋದು ಕಮ್ಮಿ. ದುಭಾಷಿ ಕೆಲಸಕ್ಕಾದರೆ ಗಂಟೆ ಇಲ್ಲವೇ ದಿನದ ಲೆಕ್ಕ.

ಸಂಜೆ ಬಸ್ ಸ್ಟ್ಯಾಂಡಿನಿಂದ ಅವಳ ಮೆಸೇಜ್: ‘ಸರ್, ರೇಟ್ ಹಾಕಿ ಕಳಿಸಿದೆ.’ ತುಂಬಾ ಖುಷಿಯಾಯ್ತು. ಭಾಷೆ ಕಲಿಸಿದಷ್ಟೇ ಅಕ್ಕರೆಯಿಂದ ಈ ಲೆಕ್ಕವನ್ನೂ ಮೊದಲೇ ಕಲಿಸಬೇಕಿತ್ತಲ್ಲ ಅಂತ ಮನಸ್ಸು ಇನ್ನೂ ಹೇಳ್ತಿದೆ.