ಮಸ್ಟರ್ (ಹಾಜರಿ) ಪುಸ್ತಕದಲ್ಲಿ ಆ ಅಜ್ಜನ ಕೆಲಸಕ್ಕೆ ಕಾಲಂ ಇಲ್ಲ

ನಮ್ಮ ಎಸ್ಟೇಟ್ ಆಫೀಸಿನ ಫೈಲಲ್ಲಿ ಒಂದು ರಿಪೋರ್ಟ್ ಇದೆ, "ಆಡಳಿತದ ಸಕಾಲಿಕ ಕ್ರಮದಿಂದ ಯಾವುದೇ ಪ್ರಾಣಹಾನಿ ಆಗಿಲ್ಲ" ಅಂತ. ಟೈಪ್ ಮಾಡಿದ್ದು ನಾನು, ಹೇಳಿ ಬರೆಸಿದ್ದು ಮೇಲಿನವರು. ಆ ಫೈಲ್ ತೆಗೆದಾಗೆಲ್ಲ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಅವತ್ತು ಆನೆಯಿಂದ ಜನರನ್ನ ಉಳಿಸಿದ್ದು ಗೇಟ್ ಹತ್ರ ತರಗೆಲೆ ಗುಡಿಸ್ತಿದ್ದ ಒಬ್ಬ ಯರವರ (ಕೊಡಗಿನ ಬುಡಕಟ್ಟಿನವರು) ಅಜ್ಜ, ಆ ರಿಪೋರ್ಟಲ್ಲಿ ಅವರ ಹೆಸರು ಒಂದು ಕಡೆನೂ ಇಲ್ಲ.

ನಾನು ಕೊಡಗಿನ ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಹಾಜರಿ, ಲೆಕ್ಕ ಬರೆಯೋ ಕೆಲಸ. ಜನವರಿ ಅಂದ್ರೆ ರೋಬಸ್ಟಾ ಕಾಫಿ ಕುಯ್ಲಿನ ಟೈಮು, ಹಾಜರಿ ಮುಗಿಸಿ ಮೇಸ್ತ್ರಿ ಜೊತೆ ಜನರನ್ನ ಬ್ಲಾಕಿಗೆ (ತೋಟದ ಒಂದೊಂದು ಭಾಗಕ್ಕೆ) ಕಳಿಸೋ ಅಷ್ಟರಲ್ಲಿ ಫೋನು ಹತ್ತು ಸಲ ಬಡ್ಕೊಂಡಿರುತ್ತೆ. ಅವತ್ತು ಆನೆ ಎಲ್ಲಿದೆ ಅಂತ ತಿಳಿಸೋ ಫೋನಿನ ಗ್ರೂಪಲ್ಲಿ ಪಕ್ಕದ ತೋಟದವರು ಬೆಳಗಿನ ಜಾವನೇ ಹಾಕಿದ್ರು, ಹಿಂಡು ಹೊಳೆ ದಾಟಿ ಕಾಡಿನ ಕಡೆ ಹೋಗಿದೆ, ಲೈನ್ ಕ್ಲಿಯರ್ ಅಂತ. ಸರಿ ಅಂತ ಜನರನ್ನ ಕೆರೆ ಬ್ಲಾಕಿಗೆ ಬಿಟ್ವಿ. ಸಂಜೆ ಕಾಫಿ ಸಂಸ್ಕರಿಸೋ ಕ್ಯೂರಿಂಗ್‌ನವರ ಲಾರಿ ಬರೋದಿತ್ತು, ದೊರೆ, ಅಂದ್ರೆ ನಮ್ಮ ಮ್ಯಾನೇಜರ್, ಹಿಂದಿನ ರಾತ್ರಿಯಿಂದಲೇ ಚೀಲ ಎಷ್ಟಾಗುತ್ತೆ ಎಷ್ಟಾಗುತ್ತೆ ಅಂತ ತಲೆ ತಿಂತಿದ್ರು.

ಸ್ವಲ್ಪ ಹೊತ್ತಿಗೆ ಅಜ್ಜ ಆಫೀಸ್ ಜಗಲಿ ಕೆಳಗೆ ಬಂದು ನಿಂತ್ರು. ಅವರು ಯಾವತ್ತೂ ಜಗಲಿ ಹತ್ತಲ್ಲ, ಹತ್ತಿ ಅಂತ ಯಾರೂ ಹೇಳೂ ಇರ್ಲಿಲ್ಲ.

"ರೈಟ್ರೇ, ಜನನ ಮೇಲೆ ಕರೀರಿ. ಒಂದು ಹೋಗಿಲ್ಲ."

"ಗ್ರೂಪಲ್ಲಿ ಎಲ್ಲಾ ಹೋಯ್ತು ಅಂತ ಹಾಕಿದ್ದಾರಲ್ಲ ಅಜ್ಜ?"

"ಬನ್ನಿ, ತೋರಿಸ್ತೀನಿ."

ತೋಟದ ರಸ್ತೆ ತಿರುವಲ್ಲಿ ಮಣ್ಣು ಮೆತ್ತಗಿದ್ದ ಕಡೆ ಕೂತ್ಕೊಂಡ್ರು. ಹೊಳೆ ಕಡೆ ಹೋದ ಹೆಜ್ಜೆಗಳು ಸುಮಾರಿದ್ವು, ಮರಿದೂ ಇತ್ತು. ಆ ಹೆಜ್ಜೆಗಳ ಒಳಗೆ ಸಣ್ಣ ಸಣ್ಣ ತೂತು, ರಾತ್ರಿಯೆಲ್ಲ ಸಿಲ್ವರ್ ಓಕ್ ಎಲೆಯಿಂದ ಮಂಜಿನ ಹನಿ ತೊಟ್ಟಿಕ್ಕಿ ಬಿದ್ದಿದ್ದು. ಅವುಗಳ ಮೇಲೇ ತುಳ್ಕೊಂಡು ವಾಪಸ್ ಬಂದಿದ್ದ ಇನ್ನೊಂದು ಹೆಜ್ಜೆ, ಅಗಲವಾದ್ದು, ಅದರಲ್ಲಿ ಒಂದು ತೂತೂ ಇಲ್ಲ, ಅಂಚು ಇನ್ನೂ ಚೂಪಾಗೇ ಇತ್ತು. ಅಂದ್ರೆ ಹನಿ ಬೀಳೋದು ನಿಂತ ಮೇಲೆ, ಬಿಸಿಲು ಬಂದ ಮೇಲೆ ಬಂದಿದ್ದು. ನಾಲ್ಕು ಹೆಜ್ಜೆ ಮುಂದೆ ಲದ್ದಿ ಇತ್ತು, ತುಂಬಾ ಕಾಫಿ ಬೀಜ. ಅಜ್ಜ ಎರಡು ಬೆರಳು ಒಳಗೆ ಹಾಕಿ ನೋಡಿ "ಬಿಸಿ ಐತೆ" ಅಂದ್ರು. ಹೆಜ್ಜೆ ಮುಖ ಕೆರೆ ಬ್ಲಾಕಿನ ಕಡೆಗಿತ್ತು.

ದೊರೆಗೆ ಫೋನ್ ಮಾಡಿದೆ. "ಗ್ರೂಪ್ ನೋಡಿಲ್ವೇನಯ್ಯ ನೀನು? ಆ ಮುದುಕ ಹೇಳ್ದ ಅಂತ ಕುಯ್ಲು ನಿಲ್ಲಿಸ್ತೀಯಾ, ಲಾರಿಯವನಿಗೆ ಏನ್ ಹೇಳ್ಲಿ ನಾನು" ಅಂತ ಶುರು ಮಾಡಿದ್ರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು, ನಮ್ಮಲ್ಲಿ ಬೇಕಾದಾಗ್ಲೇ ಹೋಗೋದು ಅದು. ಒಂದು ಕಡೆ ಫೋಟೋ ಸಮೇತ ಮೆಸೇಜು, ಇನ್ನೊಂದು ಕಡೆ ಶಾಲೆ ಮೆಟ್ಟಿಲು ಹತ್ತದ ಒಬ್ಬ ಮುದುಕರ ಎರಡು ಬೆರಳು. ನಾನು ಬೆರಳನ್ನ ನಂಬಿದೆ.

ವಿಸಿಲ್ ತೆಗೆದೆ, ಅಜ್ಜ ಕೈ ಹಿಡ್ಕೊಂಡ್ರು. ಊದಬೇಡಿ, ಪಟಾಕಿನೂ ಬೇಡ, ಒಂಟಿ ಸಲಗ, ಬೆದರಿದ್ರೆ ಯಾವ ಕಡೆ ನುಗ್ಗುತ್ತೆ ಹೇಳಕ್ಕಾಗಲ್ಲ, ಗಾಳಿ ಕೆಳಗಿಂದ ಮೇಲೆ ಬರ್ತಿದೆ, ನಮ್ಮ ವಾಸನೆ ಅದಕ್ಕೆ ಹೋಗಲ್ಲ, ಮೇಲಿನ ಬೇಲಿ ದಾರೀಲಿ ಸುಮ್ನೆ ಕರ್ಕೊಂಡು ಹೋಗೋಣ ಅಂದ್ರು. ನಮ್ಮ ಸೇಫ್ಟಿ ಚಾರ್ಟಲ್ಲಿ ಮೊದಲನೇ ಲೈನೇ ವಿಸಿಲ್ ಊದಿ ಅಂತ ಇರೋದು.

ಸಾಲು ಸಾಲಾಗಿ ಹೋಗಿ ಒಬ್ಬೊಬ್ಬರ ಭುಜ ಮುಟ್ಟಿ ಎಬ್ಬಿಸಿದ್ವಿ. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟು, ಅರ್ಧ ತುಂಬಿದ ಚೀಲ, ತಿಂಡಿ ಡಬ್ಬ ಎಲ್ಲಾ ಅಲ್ಲೇ ಬಿಟ್ಟು ಹೊರಟ್ರು. ಬೇಲಿ ಹತ್ರ ಮೇಸ್ತ್ರಿ ತಲೆ ಎಣಿಸಿದಾಗ ಒಂದು ಕಮ್ಮಿ. ಒಬ್ಬಾಕೆ ಚೀಲ ತರಕ್ಕೆ ವಾಪಸ್ ಹೋಗಿದ್ಲು. ಬೆಳಗ್ಗೆಯಿಂದ ಕುಯ್ದಿದ್ದು, ಕೆ.ಜಿ. ಲೆಕ್ಕದ ಕೂಲಿ, ಬಿಟ್ಟು ಬಾ ಅಂದ್ರೆ ಹೇಗೆ ಬರ್ತಾಳೆ. ನನಗೆ ಬಾಯಿ ಒಣಗಿ ಹೋಯ್ತು. ಕೂಗೋ ಹಾಗಿಲ್ಲ. ಅಜ್ಜ ಒಂದು ಮಾತೂ ಆಡದೆ ಕೆಳಗಿಳಿದ್ರು, ಕಾಫಿ ಗಿಡಗಳ ಮಧ್ಯೆ ಅವರ ತಲೆವಸ್ತ್ರ ಒಂದು ಸಲ ಕಾಣಿಸ್ತು, ಆಮೇಲೆ ಇಲ್ಲ. ಕೆಳಗಡೆ ಎಲ್ಲೋ ಮೆಣಸಿನ ಬಳ್ಳಿ ಹರಿದ ಸದ್ದು, ಕೊಂಬೆ ಲಟಕ್ ಅಂತ ಮುರಿದಿದ್ದು. ನಮ್ಮ ಜೊತೆ ಇದ್ದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡ್ಕೊಂಡಿದ್ರು. ನಾನು ಜಪಮಾಲೆ ಜೇಬಲ್ಲಿ ಇಟ್ಕೊಂಡಿರ್ತೀನಿ, ಅದನ್ನ ಗಟ್ಟಿಯಾಗಿ ಹಿಡ್ಕೊಂಡೆ ಅಷ್ಟೇ, ಪ್ರಾರ್ಥನೆ ಮಾತು ಒಂದೂ ಬರ್ಲಿಲ್ಲ.

ಇಬ್ಬರೂ ಬಂದ್ರು. ಚೀಲ ಅಜ್ಜನ ಹೆಗಲ ಮೇಲಿತ್ತು. ಆಮೇಲೆ ಸಲಗ ಸಾಲುಗಳ ನಡುವೆ ಹೊರಗೆ ಬಂತು, ಬಿಟ್ಟು ಬಂದ ಚೀಲಗಳನ್ನ ಸೊಂಡಿಲಲ್ಲಿ ಎಳೆದು ಚೆಲ್ಲಿ ತಿಂದು ತುಳಿದು ಕೆರೆ ಕಡೆ ಹೋಯ್ತು.

ನಾನು ಕ್ರಿಶ್ಚಿಯನ್, ಅಜ್ಜ ಅಲ್ಲ. ಅವರು ತಮ್ಮ ಹಿರಿಯರಿಗೆ, ತಮ್ಮ ದೇವರಿಗೆ ಕೈ ಮುಗಿಯೋರು. ಆದ್ರೂ ಅವತ್ತು ದೇವರು ಅವರ ಮೂಲಕವೇ ಕೆಲಸ ಮಾಡಿದ್ರು ಅಂತ ನಾನು ಪೂರ್ತಿ ನಂಬ್ತೀನಿ. ಇದನ್ನ ಚರ್ಚ್ ಮುಂದೆ ಹೇಳಿದಾಗ ಒಬ್ಬರು ಹಿರಿಯರು "ನಮ್ಮವರಲ್ಲದವರ ಮೂಲಕ ಹಾಗೆಲ್ಲ ಹೇಳಬಾರದು" ಅಂದ್ರು. ನನಗೆ ತಡೀಲಿಲ್ಲ, ಬೈಬಲಿನ ಲೂಕ 4ನೇ ಅಧ್ಯಾಯ ಓದಿ ಅಂದೆ. ಯೇಸು ಸ್ವಂತ ಊರು ನಜರೇತಿನ ಸಭಾಮಂದಿರದಲ್ಲಿ ಹೇಳ್ತಾರಲ್ಲ, ಬರಗಾಲದಲ್ಲಿ ಇಸ್ರೇಲಲ್ಲಿ ಎಷ್ಟೋ ವಿಧವೆಯರಿದ್ರು, ಪ್ರವಾದಿ ಎಲೀಯನನ್ನ ದೇವರು ಕಳಿಸಿದ್ದು ಸೀದೋನ್ ಸೀಮೆಯ ಸರೆಪ್ತದ ಒಬ್ಬ ಬಡ ವಿಧವೆ ಹತ್ರ, ಕುಷ್ಠರೋಗಿಗಳು ಎಷ್ಟೋ ಜನ ಇದ್ರು, ವಾಸಿಯಾಗಿದ್ದು ಪರದೇಶದ ನಾಮಾನ ಅಂತ. ಅಷ್ಟು ಹೇಳಿದ್ದಕ್ಕೆ ಊರಿನವರು ಸಿಟ್ಟಾಗಿ ಅವರನ್ನ ಗುಡ್ಡದ ಅಂಚಿಗೆ ತಳ್ಕೊಂಡು ಹೋದ್ರು. ಕೆಳಗಿನವರನ್ನ, ಹೊರಗಿನವರನ್ನ ದೇವರು ಆರಿಸ್ಕೊಳ್ತಾರೆ ಅನ್ನೋದು ಕೇಳಕ್ಕೆ ಚೆಂದ, ಆ ಆಯ್ಕೇಲಿ ನಾವಿಲ್ಲ ಅಂತ ಗೊತ್ತಾದಾಗ ಕಷ್ಟ ಆಗುತ್ತೆ.

ಆ ನಾಮಾನನ ಕಥೆ, 2 ಅರಸುಗಳು 5, ನನಗೆ ಈಗ ನಮ್ಮ ಆಫೀಸಿನ ಕಥೆ ಅನ್ಸುತ್ತೆ. ಅವನು ಅರಾಮ್ ದೇಶದ ಸೇನಾಪತಿ. ವಾಸಿಯಾಗೋ ದಾರಿ ಹೇಳಿದ್ದು ಯಾರು, ಯುದ್ಧದಲ್ಲಿ ಸೆರೆ ಹಿಡ್ಕೊಂಡು ಬಂದ ಒಂದು ಸಣ್ಣ ಹುಡುಗಿ, ಅವನ ಹೆಂಡತಿ ಹತ್ರ ಕೆಲಸಕ್ಕಿದ್ದವಳು, ಹೆಸರು ಕೂಡ ಬರೆದಿಲ್ಲ. ಅವಳು ಹೇಳಿದ್ದು ಸಮಾರ್ಯದಲ್ಲಿರೋ ಪ್ರವಾದಿ ಬಗ್ಗೆ, ಇವರು ಚಿನ್ನ ಬೆಳ್ಳಿ ಹೇರ್ಕೊಂಡು, ರಾಜನ ಪತ್ರ ತಗೊಂಡು ಹೋಗಿದ್ದು ಇನ್ನೊಬ್ಬ ರಾಜನ ಹತ್ರ. ಪತ್ರ ದೊಡ್ಡವರಿಂದ ದೊಡ್ಡವರಿಗೇ ಹೋಗ್ಬೇಕು, ಅಲ್ವಾ. ಕೊನೆಗೆ ಆ ಪ್ರವಾದಿ ಎಲೀಷ ಹೊರಗೂ ಬರದೆ, ಯೊರ್ದನಲ್ಲಿ ಏಳು ಸಲ ಮುಳುಗು ಅಂತ ಆಳಿನ ಕೈಲಿ ಹೇಳಿ ಕಳಿಸಿದ, ಇವನಿಗೆ ಸಿಟ್ಟು ಬಂತು, ನಮ್ಮ ದಮಸ್ಕದ ಹೊಳೆಗಳು ಇದಕ್ಕಿಂತ ಒಳ್ಳೇವಲ್ವಾ ಅಂತ ವಾಪಸ್ ಹೊರಟ. ಆಗಲೂ ತಡೆದಿದ್ದು ಅವನ ಸೇವಕರೇ. ಇಡೀ ಕಥೇಲಿ ಸರಿಯಾದ ಮಾತು ಕೆಳಗಿಂದಲೇ ಬರ್ತಾ ಇದೆ, ಮೇಲಿನವರು ಪ್ರತಿ ಸಲ ಅದಕ್ಕೆ ಅಡ್ಡ ನಿಲ್ತಾರೆ.

ನಮ್ಮ ಜಿಲ್ಲೇಲಿ ನಮ್ಮ ಸಭೆ ಬೇರೂರಿದ್ದೂ ಹೀಗೇನೇ. ವಿರಾಜಪೇಟೆ ಸಂತ ಅನ್ನಮ್ಮ ಚರ್ಚ್ ಶುರುವಾಗಿದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸ್ಕೊಂಡು ಬಂದ ಕರಾವಳಿಯ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ, ಅವನೂ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸ್ಕೊಂಡು ಬಂದವನೇ. ಬಂದವರು ಮನೆ ಮಠ ಇಲ್ಲದ ಜನ, ಆಸರೆ ಕೊಟ್ಟವನು ನಮ್ಮ ಮತದವನಲ್ಲ. ಹಬ್ಬದ ದಿನ ಹೊಸ ಬಟ್ಟೆ ಹಾಕ್ಕೊಂಡು ಅಲ್ಲಿ ನಿಂತಾಗ ಇದು ನಮಗೆ ನೆನಪಿರಬೇಕು.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ದೇವರು ಬಡವರನ್ನ ಬಳಸ್ತಾರೆ ಅಂತ ಪ್ರಸಂಗ ಕೇಳಿ ಕಣ್ಣೀರು ಒರೆಸ್ಕೊಂಡು ಬಂದು ಸೋಮವಾರ ಅದೇ ಬಡವರ ಕೂಲಿ ಕಡಿಯೋದು. ಅವತ್ತು ಸಂಜೆ ಆನೆ ತುಳಿದ ಚೀಲಗಳಿಗೆ ತೂಕ ಇಲ್ಲ, ತೂಕ ಇಲ್ಲದ್ದಕ್ಕೆ ದುಡ್ಡೂ ಇಲ್ಲ ಅಂತ ಆಫೀಸಿಂದ ಬಂತು. ಯಾಕೋಬನ ಪತ್ರ 5ನೇ ಅಧ್ಯಾಯದಲ್ಲಿ ನೇರವಾಗಿದೆ, ನಿಮ್ಮ ಹೊಲ ಕುಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗ್ತಾ ಇದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ. ಅದೇ ಪತ್ರದ 2ನೇ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಕುರ್ಚಿ, ಬಡವನಿಗೆ ಅಲ್ಲೇ ನಿಂತ್ಕೋ ಅನ್ನೋದೂ ಇದೆ. ನಮ್ಮ ಜಗಲಿ ಕಣ್ಮುಂದೆ ಬಂತು. ದೊರೆ ಹತ್ರ ಗಂಟೆಗಟ್ಟಲೆ ವಾದ ಮಾಡಿದೆ, ಹಿಂದಿನ ದಿನದ ತೂಕ ನೋಡಿ ಅಂದಾಜು ಹಾಕಿ ಅರ್ಧ ಕೊಟ್ರು. ಪೂರ್ತಿ ಇವತ್ತಿಗೂ ಆಗಿಲ್ಲ.

ಈಗ ಒಂದು ಪದ್ಧತಿ ಮಾಡಿದ್ದೀವಿ, ಗ್ರೂಪಲ್ಲಿ ಏನೇ ಬರ್ಲಿ, ಅಜ್ಜ ಒಂದು ಸುತ್ತು ಹೋಗಿ ಬರೋ ತನಕ ಯಾರೂ ಬ್ಲಾಕಿಗೆ ಇಳಿಯಲ್ಲ. ಮೇಸ್ತ್ರಿನೂ ಒಪ್ಪಿದ್ದಾರೆ, ಹೆಂಗಸರಂತೂ ಅವರನ್ನ ಕೇಳದೆ ಕಾಲಿಡಲ್ಲ. ಮಸ್ಟರಲ್ಲಿ ಈ ಕೆಲಸಕ್ಕೆ ಕಾಲಂ ಇಲ್ಲ, ಅವರು ಈಗಲೂ ಗುಡಿಸೋ ಹಾಜರಿಯಲ್ಲೇ ಇದ್ದಾರೆ. ಹಾಗಾಗಿ ನನ್ನ ಡೈರಿಯಲ್ಲಿ ದಿನಾ ಅವರ ಹೆಸರು, ಹೋದ ಟೈಮು, ನೋಡಿದ್ದೇನು ಅಂತ ಬರೆದು ಹೆಬ್ಬೆಟ್ಟು ಹಾಕಿಸ್ಕೊಳ್ತೀನಿ, ಮುಂದೆ ಯಾರೂ ಅದನ್ನ ಆಡಳಿತದ ಕ್ರಮ ಅಂತ ಬರೆಸೋ ಹಾಗಿಲ್ಲ. ಮುಂದಿನ ಕುಯ್ಲಿಗೆ ಮೊದಲು ಅವರಿಗೆ ವಾಚರ್ ರೇಟ್, ಅಂದ್ರೆ ಕಾವಲುಗಾರರ ಕೂಲಿ, ಆಗ್ಬೇಕು ಅಂತ ಪತ್ರನೂ ಕೊಟ್ಟಿದ್ದೀನಿ, ಮಾಲೀಕರಿಗೆ ಕಳಿಸಿದ್ದೀವಿ ಅಂದ್ರು ದೊರೆ, ಉತ್ತರ ಬಂದಿಲ್ಲ, ಬರೋ ತನಕ ಕೇಳ್ತಾ ಇರ್ತೀನಿ. ಬೇರೆ ತೋಟಗಳಲ್ಲಿ ಇಂಥವರಿಗೆ ವಾಚರ್ ರೇಟ್ ಕೊಡ್ತಿದ್ರೆ ಹೇಗೆ ಮಾಡಿಸಿದ್ರಿ ಅಂತ ರೈಟರ್‌ಗಳು ಯಾರಾದ್ರೂ ಹೇಳಿ, ಪತ್ರದ ಜೊತೆ ಸೇರಿಸ್ತೀನಿ.