ಪ್ರಯೋಗಾಲಯದ ಪಕ್ಕದ ಮರ ಮತ್ತು ಅದರ ಜೀರುಂಡೆಗಳು

ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದುಕೊಡಬೇಕೆಂಬ ಪತ್ರ ಕೈಸೇರಿದಾಗ ನನಗೆ ಮೊದಲು ನೆನಪಾದದ್ದು ಒಂದು ಸದ್ದು. ಪ್ರಯೋಗಾಲಯದ ಕಿಟಕಿಗೆ ತಾಗಿದಂತೆ ನಿಂತಿದ್ದ ದೊಡ್ಡ ಮರದಲ್ಲಿ ಬೇಸಗೆಯ ಮಧ್ಯಾಹ್ನ ಒಂದು ಜೀರುಂಡೆ ಕೂಗಲು ತೊಡಗಿದರೆ ಸಾಕು, ಉಳಿದವೆಲ್ಲ ದನಿಗೂಡಿಸಿ, ಪಾಠದ ಮಾತು ಹಿಂದಿನ ಬೆಂಚಿಗೆ ಕೇಳಿಸದಂತಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಧ್ಯಾಪಕರು ಸಾಮಾನ್ಯವಾಗಿ ಕಿಟಕಿ ಮುಚ್ಚಿಸುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು ಮಾತ್ರ ಒಂದು ದಿನ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, “ಅದರ ಮಾತು ಮೊದಲು ಕೇಳೋಣ, ಬನ್ನಿ” ಎಂದು ನಮ್ಮನ್ನೆಲ್ಲ ಮರದಡಿಗೆ ಕರೆದೊಯ್ದರು. ಕಣ್ಣು ಮುಚ್ಚಿಕೊಂಡು ಸದ್ದು ಬರುವ ಕಡೆಗೆ ಬೆರಳು ತೋರಿಸಿರೆಂದರು. ಕಣ್ಣು ತೆರೆದಾಗ ಒಬ್ಬೊಬ್ಬರ ಬೆರಳೂ ಒಂದೊಂದು ಕೊಂಬೆಯತ್ತ ಚಾಚಿತ್ತು.

ಹುಳು ಅಂದು ನಮಗೆ ಕಾಣಿಸಲಿಲ್ಲ. ಸಿಕ್ಕಿದ್ದು ಅದರ ಪೊರೆ. ಕಾಂಡದ ತೊಗಟೆಗೆ ಆರೂ ಕಾಲುಗಳಿಂದ ಗಟ್ಟಿಯಾಗಿ ಕಚ್ಚಿಕೊಂಡು, ಕಣ್ಣುಗುಡ್ಡೆಗಳ ಉಬ್ಬು ಕೂಡ ಅಳಿಯದೆ, ಜೀವವಿರುವಂತೆಯೇ ಕುಳಿತಿದ್ದ ಆ ಕಂದುಬಣ್ಣದ ಕವಚವನ್ನು ಮೇಷ್ಟ್ರು ಮೆಲ್ಲಗೆ ಬಿಡಿಸಿ ನನ್ನ ಅಂಗೈಯ ಮೇಲಿಟ್ಟರು. ಅದಕ್ಕೆ ಭಾರವೇ ಇರಲಿಲ್ಲ. ಮಣ್ಣು ಅಗೆಯುವುದಕ್ಕೆಂದೇ ದಪ್ಪವಾಗಿ ಬೆಳೆದ ಮುಂಗಾಲುಗಳು, ಬೆನ್ನಿನ ನಡುವೆ ನೀಳವಾದ ಒಂದು ಸೀಳು, ಸೀಳಿನೊಳಗಿನಿಂದ ಇಣುಕುವ ನಾಲ್ಕಾರು ಬಿಳಿಯ ಎಳೆಗಳು. ಅವು ಉಸಿರಾಟದ ಕೊಳವೆಗಳ ಒಳಪದರವೆಂದು ಮೇಷ್ಟ್ರು ವಿವರಿಸಿದಾಗ ನಾನು ಬೆರಗಾದೆ: ಹೊರಬರುವಾಗ ಅದು ತನ್ನ ಹಳೆಯ ಉಸಿರಿನ ದಾರಿಯನ್ನೂ ಎಳೆದು ಅಲ್ಲಿಯೇ ಬಿಟ್ಟುಹೋಗುತ್ತದೆ.

ರಾತ್ರಿ ಹುಲ್ಲಿನಲ್ಲಿ ಚಿರಗುಟ್ಟುವ ಹುಳುವನ್ನೂ ಹಗಲು ಮರದಲ್ಲಿ ಕೂಗುವ ಹುಳುವನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೆವು. ಮೊದಲನೆಯದು ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ. ವಿಜ್ಞಾನದವರು ಸಿಕಾಡ ಎನ್ನುವ ಈ ಹಗಲಿನ ಜೀರುಂಡೆಯ ಉಪಾಯವೇ ಬೇರೆ. ಅದನ್ನು ತೋರಿಸಲು ಮೇಷ್ಟ್ರು ತಗಡಿನ ಡಬ್ಬಿಯ ಮುಚ್ಚಳವೊಂದನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಅದು ಟಿಕ್ಕೆಂದಿತು. ಗಂಡು ಜೀರುಂಡೆಯ ಹೊಟ್ಟೆಯ ಎರಡು ಪಕ್ಕಗಳಲ್ಲಿ ಅಂಥದೇ ಏಣುಗಳುಳ್ಳ ಪೊರೆಗಳಿವೆ, ಅವುಗಳ ಹೆಸರು ಟಿಂಬಲ್. ಒಳಗಿನ ಸ್ನಾಯು ಅದನ್ನು ಒಳಕ್ಕೆಳೆದು ಬಿಡುತ್ತದೆ, ಹಲವು ಜಾತಿಗಳಲ್ಲಿ ಸೆಕೆಂಡಿಗೆ 300ರಿಂದ 400 ಬಾರಿ. ಬಹುಪಾಲು ಟೊಳ್ಳಾದ ಹೊಟ್ಟೆ ತಂಬೂರಿಯ ಬುರುಡೆಯಂತೆ ಆ ಸದ್ದನ್ನು ಹಿಗ್ಗಿಸುತ್ತದೆ. ಕೆಲವು ಜಾತಿಗಳ ಕೂಗು ಹತ್ತಿರದಿಂದ 100 ಡೆಸಿಬೆಲ್ ಮೀರುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ನಾನು ಇರುವೆ ಮತ್ತು ಮಿಡತೆಯ ಕಥೆಯನ್ನು ಬಾಯಿಪಾಠ ಮಾಡಿ ಬಹುಮಾನ ಪಡೆದವನು. ಅದನ್ನು ಹೇಳಿಕೊಂಡಾಗ ಮೇಷ್ಟ್ರು, ಮೂಲ ಕಥೆಯಲ್ಲಿ ಬೇಸಗೆಯೆಲ್ಲ ಹಾಡಿ ಚಳಿಗಾಲದಲ್ಲಿ ಇರುವೆಯ ಬಾಗಿಲಿಗೆ ಬೇಡಲು ಬರುವುದು ಮಿಡತೆಯಲ್ಲ, ಈ ಮರದ ಮೇಲಿನ ಜೀರುಂಡೆಯೇ ಎಂದರು. ಈಸೋಪನ ಹೆಸರಿನ ಗ್ರೀಕ್ ಕಥೆಯಲ್ಲಿರುವ ಪದ ತೆತ್ತಿಕ್ಸ್, ಅಂದರೆ ಸಿಕಾಡ. ಅದರ ಪರಿಚಯವಿಲ್ಲದ ಉತ್ತರ ಯುರೋಪಿನ ನಾಡುಗಳಿಗೆ ಹೋದಾಗ ಕಥೆಯಲ್ಲಿ ಮಿಡತೆ ಬಂದು ಕುಳಿತಿತು. ಬಳಿಕ ಅವರು ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು: “ಚಳಿಗಾಲಕ್ಕೆ ಮುಂಚೆಯೇ ಸತ್ತುಹೋಗುವ ಹುಳು, ಕಾಳು ತಿನ್ನಲು ಬಾಯಿಯೇ ಇಲ್ಲದ ಹುಳು, ಇರುವೆಯ ಹತ್ತಿರ ಏನನ್ನು ಬೇಡೀತಪ್ಪ?”

ಫ್ರಾನ್ಸಿನ ಕೀಟಜ್ಞ ಜಾಂ ಆನ್ರಿ ಫಾಬ್ರ್ (1823–1915) ಇದೇ ತಕರಾರನ್ನು ಎತ್ತಿದ್ದನೆಂದು ನಾನು ಓದಿ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಬಿರುಬೇಸಗೆಯಲ್ಲಿ ಜೀರುಂಡೆ ತನ್ನ ಸೂಜಿಯಂಥ ಕೊಳವೆಯನ್ನು ತೊಗಟೆಯೊಳಕ್ಕೆ ಇಳಿಸಿ ರಸ ಹೀರುತ್ತಿರುವಾಗ, ಬಾಯಾರಿದ ಇರುವೆಗಳು ಸುತ್ತ ನೆರೆದು, ಒಸರುವ ರಸಕ್ಕಾಗಿ ಅದರ ಕಾಲೆಳೆದು ಪೀಡಿಸಿ ಓಡಿಸುವುದನ್ನು ಅವನು ಕಣ್ಣಾರೆ ಕಂಡು ಬರೆದ. ಬೇಡುವವರು ಯಾರು, ಕೊಡುವವರು ಯಾರು ಎಂಬುದು ಕಥೆಯಲ್ಲಿ ತಲೆಕೆಳಗಾಗಿತ್ತು. ಅದೇ ಫಾಬ್ರ್ ತನ್ನ ಮನೆಯ ಮುಂದಿನ ಮರಗಳಡಿ ಹಬ್ಬದ ಸಿಡಿಮದ್ದಿನ ಫಿರಂಗಿ ಹಾರಿಸಿಯೂ ನೋಡಿದ. ಜೀರುಂಡೆಗಳು ಕೂಗು ನಿಲ್ಲಿಸಲಿಲ್ಲ. ಅವಕ್ಕೆ ಕಿವಿ ಮಂದವೆಂದು ಅವನು ತೀರ್ಮಾನಿಸಿದ್ದು ಮಾತ್ರ ಸರಿಯಲ್ಲ. ಅವುಗಳ ಹೊಟ್ಟೆಯ ಬುಡದಲ್ಲಿ ಕಿವಿತಮಟೆಗಳಿವೆ, ಹೆಣ್ಣು ಗಂಡಿನ ಕೂಗನ್ನು ಗುರುತಿಸಿ ಬರುತ್ತದೆ.

ಸೋಮಾರಿಯೆಂದು ನಾವು ಹೆಸರಿಟ್ಟ ಜೀವದ ಬಾಳಿನ ಬಹುಭಾಗ ನೆಲದಡಿಯಲ್ಲಿ, ಬೇರಿನ ನೀರಾದ ರಸವನ್ನು ಹೀರುತ್ತ, ಐದು ಹಂತಗಳಲ್ಲಿ ಬೆಳೆಯುತ್ತ ಕಳೆಯುತ್ತದೆ. ಹೆಚ್ಚಿನ ಜಾತಿಗಳಿಗೆ ಅದು ಕೆಲವು ವರ್ಷಗಳ ಅವಧಿ. ಉತ್ತರ ಅಮೆರಿಕದ ಪೂರ್ವಭಾಗದ ಏಳು ಜಾತಿಗಳಿಗೆ 13 ಅಥವಾ 17 ವರ್ಷ. ಆ ಲೆಕ್ಕ ಮುಗಿದ ವಸಂತದಲ್ಲಿ ಮಣ್ಣು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗುತ್ತಲೇ ಲಕ್ಷಗಟ್ಟಲೆ ಒಟ್ಟಿಗೆ ಮೇಲೇಳುತ್ತವೆ. ಹಕ್ಕಿಗಳು ಹೊಟ್ಟೆಬಿರಿಯ ತಿಂದರೂ ಬೇಕಾದಷ್ಟು ಉಳಿಯುತ್ತವೆ. 2024ರಲ್ಲಿ 13 ವರ್ಷದ ಒಂದು ಪೀಳಿಗೆ ಮತ್ತು 17 ವರ್ಷದ ಒಂದು ಪೀಳಿಗೆ 1803ರ ಬಳಿಕ ಮೊದಲ ಬಾರಿಗೆ ಒಂದೇ ವರ್ಷ ಹೊರಬಂದವು. 13ನ್ನು 17ರಿಂದ ಗುಣಿಸಿದರೆ 221 ಎಂಬ ಮಗ್ಗಿಯ ಲೆಕ್ಕವನ್ನು ಆ ಸುದ್ದಿ ಓದುತ್ತ ನಾನು ಕಾಗದದ ಮೇಲೆ ಮತ್ತೊಮ್ಮೆ ಮಾಡಿ ನೋಡಿದೆ.

ಗ್ರೀಕರಲ್ಲಿ ಇದಕ್ಕಿಂತ ಉದಾರವಾದ ಕಥೆಯೂ ಇದೆ. ಪ್ಲೇಟೊ ಬರೆದಂತೆ, ನಡುಮಧ್ಯಾಹ್ನ ನದಿಯ ದಡದ ಮರದಡಿ ಕುಳಿತ ಸಾಕ್ರಟೀಸ್ ತನ್ನ ಗೆಳೆಯನಿಗೆ ಹೇಳುತ್ತಾನೆ: ಕಲಾದೇವಿಯರು ಹುಟ್ಟಿ ಹಾಡು ಲೋಕಕ್ಕೆ ಬಂದಾಗ ಕೆಲವು ಮನುಷ್ಯರು ಅದರ ಸುಖದಲ್ಲಿ ಅನ್ನನೀರನ್ನೇ ಮರೆತು, ಸಾಯುತ್ತಿರುವುದೂ ತಿಳಿಯದೆ ಸತ್ತರು; ಅವರೇ ಜೀರುಂಡೆಗಳಾದರು. ಮಧ್ಯಾಹ್ನ ತೂಕಡಿಸದೆ ಮಾತನಾಡುವವರು ಯಾರೆಂದು ಅವು ಮೇಲಿನಿಂದ ನೋಡುತ್ತವೆಯಂತೆ. ನಮ್ಮ ಊಟದ ನಂತರದ ತರಗತಿಗಳನ್ನು ನೆನೆದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ವಾಲ್ಮೀಕಿಯ ರಾಮನಿಗೆ ತಾಟಕೆಯ ಕಾಡಿನ ಭೀಕರತೆ ಮೊದಲು ಅರಿವಾಗುವುದೂ ಝಿಲ್ಲಿಕೆಗಳ ಸದ್ದಿನಿಂದಲೇ. ಚೀನಾದ ಹಾನ್ ಅರಸರ ಕಾಲದಲ್ಲಿ ಸತ್ತವರ ನಾಲಗೆಯ ಮೇಲೆ ಹಸಿರುಕಲ್ಲಿನಲ್ಲಿ ಕೆತ್ತಿದ ಪುಟ್ಟ ಜೀರುಂಡೆಯನ್ನಿಡುತ್ತಿದ್ದರು. ಮಣ್ಣಿನಿಂದ ಎದ್ದು ಪೊರೆ ಕಳಚಿ ಹಾರುವುದನ್ನು ಕಂಡವರಿಗೆ ಆ ನಂಬಿಕೆಯ ಬೇರು ತಿಳಿಯುತ್ತದೆ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಜಪಾನಿನ ಒಂದು ವಾದ. 1689ರ ಬೇಸಗೆಯಲ್ಲಿ ಬೆಟ್ಟದ ಮೇಲಿನ ದೇವಾಲಯವೊಂದಕ್ಕೆ ಹೋದ ಬಾಶೋ, ಬಂಡೆಗಳೊಳಕ್ಕೆ ಇಂಗುವ ಜೀರುಂಡೆಯ ದನಿಯಲ್ಲಿ ನಿಶ್ಶಬ್ದವನ್ನು ಕೇಳಿ ಹಾಯ್ಕು ಬರೆದ. ಇಪ್ಪತ್ತನೆಯ ಶತಮಾನದಲ್ಲಿ ಕವಿ ಸೈತೊ ಮೊಕಿಚಿ ಮತ್ತು ವಿದ್ವಾಂಸ ಕೊಮಿಯ ತೊಯೊತಕ ಅದು ಯಾವ ಜಾತಿಯ ಜೀರುಂಡೆಯೆಂದು ವಾದಕ್ಕಿಳಿದರು. ಆ ಬೆಟ್ಟದಲ್ಲಿ ಆ ದಿನಗಳಲ್ಲಿ ಯಾವುದು ಕೂಗುತ್ತದೆಂದು ಹುಡುಕಿ ನೋಡಿದ ಮೇಲೆ ಮೊಕಿಚಿ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡರು. ಪದ್ಯವೊಂದರ ಅರ್ಥಕ್ಕಾಗಿ ಮರದಡಿಗೆ ಹೋಗಿ ಕಿವಿಗೊಟ್ಟವರ ಈ ಕಥೆಯನ್ನು ನಮ್ಮ ಮೇಷ್ಟ್ರಿಗೆ ಹೇಳಬೇಕೆಂದಿದ್ದೆ. ನನಗದು ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ.

ಆ ಮರ ಇಂದಿಗೂ ಇದೆಯೆಂದೂ ಅದರ ಸುತ್ತ ಕಟ್ಟೆ ಕಟ್ಟಿಸಿ, ನೆಲಕ್ಕೆ ಸಿಮೆಂಟು ಹಾಸುವ ಯೋಚನೆಯಿದೆಯೆಂದೂ ಪತ್ರದಲ್ಲಿ ಬರೆದಿದ್ದಾರೆ. ಹಳೆಯ ವಿದ್ಯಾರ್ಥಿಯ ಮಾತಿಗೆ ಬೆಲೆಯಿದ್ದರೆ, ಬುಡದ ಮಣ್ಣನ್ನು ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ ಹಾಗೆಯೇ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಹಿಂದಿನ ಬೇಸಗೆಗಳಲ್ಲಿ ಮೊಟ್ಟೆಯೊಡೆದು ನೆಲಕ್ಕಿಳಿದ ಮರಿಗಳು ಇನ್ನೂ ಆ ಬೇರುಗಳಲ್ಲೇ ಇವೆ, ಅವು ಮೇಲೆ ಬರಬೇಕು.