ಅಪ್‌ಡೇಟ್ ಆದ್ಮೇಲೆ ಲ್ಯಾಪ್‌ಟಾಪ್ ಕ್ರ್ಯಾಶ್ ಆಗ್ತಿದ್ಯಾ? ಮೊದಲು ಡಂಪ್ ಓದಿ, ಆಮೇಲೆ ಕೈ ಹಾಕಿ

ಅಪ್‌ಡೇಟ್ ಮುಗಿದ ಮರುದಿನದಿಂದ ಲ್ಯಾಪ್‌ಟಾಪ್ ತಾನಾಗೇ ರಿಸ್ಟಾರ್ಟ್ ಆಗತೊಡಗಿದರೆ ಬಹಳ ಜನ ನೇರವಾಗಿ ಫ್ಯಾಕ್ಟರಿ ರೀಸೆಟ್‌ಗೆ ಕೈ ಹಾಕುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ತೊಂದರೆ ಕೊಟ್ಟಿದ್ದು ಒಂದು ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಆಗಿದ್ದರೆ, ರೀಸೆಟ್ ಆದ ಮೇಲೆ ವಿಂಡೋಸ್ ಅಪ್‌ಡೇಟ್ ಅದೇ ಡ್ರೈವರನ್ನು ಮತ್ತೆ ತಂದು ಕೂರಿಸುತ್ತದೆ. ಕ್ರ್ಯಾಶ್ ಕೂಡ ಅದರ ಬೆನ್ನಿಗೇ ಬರುತ್ತದೆ. ಅದಕ್ಕೇ ಮೊದಲು ಡಂಪ್ ಓದಬೇಕು, ಅಂದರೆ ಕ್ರ್ಯಾಶ್ ಆದಾಗ ವಿಂಡೋಸ್ ಬರೆದಿಡುವ ದಾಖಲೆ ಫೈಲ್.

ಅಪ್‌ಡೇಟ್ ಅಂತ ಒಂದೇ ಹೆಸರಲ್ಲಿ ಕರೆದರೂ ಒಳಗೆ ಬರುವ ಸರಕು ಬೇರೆ ಬೇರೆ. ತಿಂಗಳ ಎರಡನೇ ಮಂಗಳವಾರ ಬರುವುದು ಕ್ವಾಲಿಟಿ ಅಪ್‌ಡೇಟ್. ವರ್ಷಕ್ಕೊಮ್ಮೆ ಬರುವ ದೊಡ್ಡದು, 24ಎಚ್2 ಥರದ್ದು, ಫೀಚರ್ ಅಪ್‌ಡೇಟ್. ಇವುಗಳ ನೆರಳಲ್ಲೇ ಸದ್ದಿಲ್ಲದೆ ಡ್ರೈವರ್‌ಗಳು ಬರುತ್ತವೆ, ಕೆಲವು ಲ್ಯಾಪ್‌ಟಾಪ್‌ಗಳಿಗೆ ಬಯೋಸ್ ಫರ್ಮ್‌ವೇರ್ (ವಿಂಡೋಸ್‌ಗಿಂತ ಮೊದಲೇ ಏಳುವ, ಯಂತ್ರದೊಳಗಿನ ಸಾಫ್ಟ್‌ವೇರ್) ಕೂಡ ಇದೇ ದಾರಿಯಲ್ಲಿ ಬರುತ್ತದೆ. ಒಂದೊಂದನ್ನೂ ಹಿಂದಕ್ಕೆ ಕಳಿಸುವ ಬಗೆ ಬೇರೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆದು ಯಾವ ದಿನ ಏನು ಬಂತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿದರೆ ಸಿಗುವ ರಿಲಯಬಿಲಿಟಿ ಮಾನಿಟರ್ ತೆರೆಯಿರಿ. ದಿನಕ್ಕೊಂದು ಕಂಬ, ಕ್ರ್ಯಾಶ್ ಆದ ದಿನ ಕೆಂಪು ಗುರುತು. ಮೊದಲ ಕೆಂಪು ಗುರುತು ಅಪ್‌ಡೇಟ್‌ಗಿಂತ ಮುಂಚೆಯೇ ಬಿದ್ದಿದ್ದರೆ ಇಡೀ ತನಿಖೆಯ ದಿಕ್ಕೇ ಬದಲಾಯಿತು.

ಮುಂದಕ್ಕೆ ಹೋಗುವ ಮೊದಲು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಎಲ್ಲಿದೆ ನೋಡಿಕೊಳ್ಳಿ. 48 ಅಂಕಿಗಳ ಸಂಖ್ಯೆ ಅದು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ನಾನು ಬಿಟ್‌ಲಾಕರ್ ಹಾಕೇ ಇಲ್ಲ ಅನ್ನುವವರ ಲ್ಯಾಪ್‌ಟಾಪಿನಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಹೆಸರಲ್ಲಿ ಅದು ಆನ್ ಆಗಿರಬಹುದು. ಬಯೋಸ್ ಸೆಟ್ಟಿಂಗ್ ಮುಟ್ಟಿದಾಗ, ರಿಕವರಿ ಪರದೆಗೆ ಹೋದಾಗ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಡೇಟಾ ಸಿಗುವುದಿಲ್ಲ. ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೂ ಸಾಕು.

ಈಗ ಮುಖ್ಯ ಕೆಲಸ. ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ಕರ್ನಲ್-ಪವರ್, ಐಡಿ 41 ಅನ್ನುವ ನಮೂದು ಇರುತ್ತದೆ. ಎಷ್ಟೋ ಜನ ಇದನ್ನೇ ಕಾರಣ ಅಂದುಕೊಂಡು ಪವರ್ ಅಡಾಪ್ಟರ್ ಬದಲಿಸುತ್ತಾರೆ. ಆದರೆ 41 ಹೇಳುವುದು ಇಷ್ಟೇ: ಕಳೆದ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ನೋಡಬೇಕಾದ್ದು ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿರುವ ಬಗ್‌ಚೆಕ್ ಕೋಡ್, ಅಂದರೆ ಕ್ರ್ಯಾಶ್ ಯಾವ ಬಗೆಯದು ಅಂತ ಹೇಳುವ ಸಂಖ್ಯೆ. ಅದು ದಶಮಾಂಶದಲ್ಲಿ ಇರುತ್ತದೆ, ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) ಇರುತ್ತವೆ. ನೇರವಾಗಿ ಹುಡುಕಿದರೆ ಸಂಬಂಧವೇ ಇಲ್ಲದ ಪುಟಗಳು ಸಿಗುವುದು ಇದಕ್ಕೇ. ಕ್ಯಾಲ್ಕ್ಯುಲೇಟರ್‌ನ ಪ್ರೋಗ್ರಾಮರ್ ಮೋಡ್‌ನಲ್ಲಿ ಪರಿವರ್ತಿಸಿಕೊಂಡು ಹುಡುಕಿ.

ಆ ಕೋಡ್ ಸೊನ್ನೆ ಆಗಿದ್ದರೆ ವಿಂಡೋಸ್‌ಗೆ ಬಗ್‌ಚೆಕ್ ದಾಖಲಿಸಲು ಸಮಯವೇ ಸಿಕ್ಕಿಲ್ಲ ಅಂತ. ಕರೆಂಟ್ ಹೋಗಿದೆ, ಯಂತ್ರ ಪೂರ್ತಿ ಹ್ಯಾಂಗ್ ಆಗಿದೆ, ಇಲ್ಲವೇ ಬಿಸಿ ತಾಳಲಾರದೆ ಆಫ್ ಆಗಿದೆ. ದೊಡ್ಡ ಅಪ್‌ಡೇಟ್ ಆದ ಮೊದಲ ಕೆಲವು ಗಂಟೆ ಸರ್ಚ್ ಇಂಡೆಕ್ಸಿಂಗ್, ಆ್ಯಂಟಿವೈರಸ್ ಸ್ಕ್ಯಾನ್ ಎಲ್ಲ ಒಟ್ಟಿಗೇ ಓಡುತ್ತವೆ. ಫ್ಯಾನ್‌ನಲ್ಲಿ ಧೂಳು ತುಂಬಿದ ಲ್ಯಾಪ್‌ಟಾಪ್ ಅಷ್ಟು ಹೊತ್ತಿನ ಕೆಲಸಕ್ಕೇ ಕೈಚೆಲ್ಲಬಹುದು. ಅಪ್‌ಡೇಟ್ ಇಲ್ಲಿ ನೆಪ ಮಾತ್ರ.

ಸೊನ್ನೆ ಅಲ್ಲದಿದ್ದರೆ ಸುಳಿವು ಸಿಕ್ಕಿತು. 292 ಅಂದರೆ ಡಬ್ಲ್ಯುಎಚ್‌ಇಎ (WHEA) ಅನ್‌ಕರೆಕ್ಟಬಲ್ ಎರರ್, ಹಾರ್ಡ್‌ವೇರೇ ದೂರು ಕೊಟ್ಟಿದೆ. 278 ಅಂದರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡಲಿಲ್ಲ. ವಿಂಡೋಸ್ ಡೀಫಾಲ್ಟ್ ಆಗಿ ಕಾಯುವುದು 2 ಸೆಕೆಂಡ್, ಆಮೇಲೆ ಡ್ರೈವರನ್ನು ಎಬ್ಬಿಸಲು ನೋಡುತ್ತದೆ, ಏಳದಿದ್ದರೆ ಕ್ರ್ಯಾಶ್ ಪರದೆ ಬರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಅಪ್‌ಡೇಟ್ ನಂತರ ಕಾಡುವ ಇನ್ನೊಂದು 159, ಅಂದರೆ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಲಕ್ಷಣ ಹೀಗಿರುತ್ತದೆ: ಕೆಲಸ ಮಾಡುವಾಗ ಏನೂ ತೊಂದರೆ ಇಲ್ಲ. ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಬಿಟ್ಟು ಬೆಳಿಗ್ಗೆ ತೆರೆದರೆ ಹೊಸದಾಗಿ ಬೂಟ್ ಆದ ಪರದೆ. ತೆರೆದಿಟ್ಟ ಕಿಟಕಿಗಳೆಲ್ಲ ಮಾಯ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ ಫೋಲ್ಡರ್‌ಗೆ ಹೋಗಿ, ಆ ದಿನಾಂಕದ ಫೈಲನ್ನು ಡೆಸ್ಕ್‌ಟಾಪ್‌ಗೆ ನಕಲು ಮಾಡಿ. ಅದೇ ಜಾಗದಿಂದ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ, ಅದಕ್ಕೆ ನಕಲು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ, ಡಂಪ್ ಓದುವ ವಿನ್‌ಡಿಬಿಜಿಯಲ್ಲಿ (WinDbg) ಅದನ್ನು ತೆರೆದು, ಪರದೆಯಲ್ಲಿ ನೀಲಿ ಅಕ್ಷರಗಳಲ್ಲಿ ಕಾಣುವ ಅನಲೈಜ್ ಆಜ್ಞೆಯ ಮೇಲೆ ಒತ್ತಿ. ಮೊದಲ ಸಲ ಡಂಪ್ ಬಿಡಿಸಿ ಓದಲು ಬೇಕಾದ ಸಿಂಬಲ್ ಫೈಲ್‌ಗಳು ಇಳಿಯುವವರೆಗೆ ತಾಳ್ಮೆ ಬೇಕು. ಪುಟಗಟ್ಟಲೆ ಬರುತ್ತದೆ, ಎಲ್ಲ ಓದಬೇಕಿಲ್ಲ. ಆರ್ಗ್ಯುಮೆಂಟ್ 1 ರಲ್ಲಿ 3 ಇದ್ದರೆ, ಯಾವುದೋ ಒಂದು ಸಾಧನ ಪವರ್ ಬದಲಾಯಿಸುವ ಕೋರಿಕೆಯನ್ನು ಹಿಡಿದುಕೊಂಡು ಬಿಡದೆ ಕೂತಿತ್ತು ಅಂತ ಅರ್ಥ. ಆ ಸಾಧನದ ಡ್ರೈವರ್ ಯಾವುದು ಅನ್ನುವುದು ಕೆಳಗೆ ಇಮೇಜ್ ನೇಮ್ ಸಾಲಿನಲ್ಲಿರುತ್ತದೆ. ವೈಫೈ, ಬ್ಲೂಟೂತ್, ಗ್ರಾಫಿಕ್ಸ್, ಇವೇ ಸಾಮಾನ್ಯ ಗಿರಾಕಿಗಳು.

ಇಲ್ಲಿ ಒಂದು ಮೋಸ ಇದೆ. ಎಷ್ಟೋ ಸಲ ಆ ಸಾಲಿನಲ್ಲಿ ವಿಂಡೋಸ್‌ನ ತಿರುಳಾದ ಕರ್ನಲ್‌ನದ್ದೇ ಫೈಲ್ ಹೆಸರು ಇರುತ್ತದೆ. ಅದನ್ನು ನೋಡಿ ವಿಂಡೋಸೇ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಬೇರೆ ಯಾರೋ ಮೆಮೊರಿಯಲ್ಲಿ ಮಾಡಿಟ್ಟ ರಾದ್ಧಾಂತ ಕರ್ನಲ್ ಕೈಗೆ ಸಿಕ್ಕಿಬಿದ್ದಿದೆ ಅಷ್ಟೇ. ಒಂದು ಡಂಪ್‌ನಿಂದ ಏನೂ ಹೇಳಲಾಗದು, ಮೂರ್ನಾಲ್ಕು ಹೋಲಿಸಿ. ಪ್ರತಿ ಸಲವೂ ಒಂದೇ ಡ್ರೈವರ್ ಹೆಸರು ಬಂದರೆ ಅದೇ ಅಪರಾಧಿ. ಒಂದೊಂದು ಸಲ ಒಂದೊಂದು ಕೋಡ್, ಒಂದೊಂದು ಹೆಸರು ಬಂದರೆ ರ‍್ಯಾಮ್ ಮೇಲೆ ಅನುಮಾನ ಪಡಿ, ಮೆಮ್‌ಟೆಸ್ಟ್ ಅನ್ನು ಒಂದು ರಾತ್ರಿ ಓಡಲು ಬಿಡಿ.

ಡಂಪ್ ಫೋಲ್ಡರೇ ಖಾಲಿ ಇದ್ದರೆ ಯಾವುದೋ ಕ್ಲೀನರ್ ಸಾಫ್ಟ್‌ವೇರ್ ಗುಡಿಸಿ ಹಾಕಿರಬಹುದು, ಅಥವಾ ಸಿ ಡ್ರೈವ್‌ನ ಪೇಜ್ ಫೈಲನ್ನು (ರ‍್ಯಾಮ್‌ಗೆ ಪೂರಕವಾಗಿ ಡಿಸ್ಕ್‌ನಲ್ಲಿರುವ ಫೈಲ್) ಯಾರೋ ಆಫ್ ಮಾಡಿರಬಹುದು. ಪೇಜ್ ಫೈಲ್ ಆನ್ ಮಾಡಿ, ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ ಸ್ಮಾಲ್ ಮೆಮೊರಿ ಡಂಪ್ ಆರಿಸಿ, ತಾನಾಗೇ ರಿಸ್ಟಾರ್ಟ್ ಆಗುವ ಟಿಕ್ ತೆಗೆದುಬಿಡಿ.

ಹೆಸರು ಗೊತ್ತಾದ ಮೇಲೆ ಔಷಧಿ ಸುಲಭ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್. ಆ ಗುಂಡಿ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಅಂತ; ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್‌ಗೆ ಸರಿಯಾದದ್ದನ್ನೇ ಇಳಿಸಿಕೊಳ್ಳಿ. ಡ್ರೈವರ್ ಅಪ್‌ಡೇಟರ್ ಅಂತ ಮಾರುವ ಸಾಫ್ಟ್‌ವೇರ್‌ಗಳ ಹತ್ತಿರವೂ ಸುಳಿಯಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕೆಲವು ಡ್ರೈವರ್‌ಗಳ ದಿನಾಂಕ 2006ರ ಜೂನ್ 21 ಅಂತ ಇರುತ್ತದೆ, ಅದನ್ನು ಕಂಡು ಗಾಬರಿಯಾಗಿ ಬದಲಿಸಲೂ ಬೇಡಿ. ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳಿಗೆ ಬೇಕೆಂದೇ ಆ ಹಳೆಯ ದಿನಾಂಕ ಹಾಕಿರುತ್ತಾರೆ, ತಯಾರಕರ ಡ್ರೈವರ್ ಇದ್ದರೆ ಅದೇ ಗೆಲ್ಲಲಿ ಅಂತ.

ಡೆಸ್ಕ್‌ಟಾಪ್‌ವರೆಗೂ ಬರದೆ ಕ್ರ್ಯಾಶ್ ಆಗುತ್ತಿದ್ದರೆ, ಬೂಟ್ ಆಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ತಾನೇ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್. ರಿಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ನೆಟ್‌ವರ್ಕ್ ಸಹಿತ. ಅಲ್ಲಿ ಪಿನ್ ನಡೆಯದೇ ಹೋಗಬಹುದು, ಪಾಸ್‌ವರ್ಡ್ ನೆನಪಿರಲಿ. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ನೆಟ್ಟಗಿದ್ದರೆ ಹೊರಗಿನ ಡ್ರೈವರೇ ಕಾರಣ ಇರುವ ಸಂಭವ ಹೆಚ್ಚು. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಾಗಲೂ ಕಾರಣ ವಿಂಡೋಸ್ ಅಪ್‌ಡೇಟ್ ಆಗಿರಲಿಲ್ಲ, ಕ್ರೌಡ್‌ಸ್ಟ್ರೈಕ್ ಭದ್ರತಾ ಸಾಫ್ಟ್‌ವೇರ್‌ನ ಒಂದು ಫೈಲ್. ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸಿದರೆ ಯಂತ್ರ ಏಳುತ್ತಿತ್ತು.

ಕ್ವಾಲಿಟಿ ಅಪ್‌ಡೇಟೇ ಕಾರಣ ಅಂತ ಖಾತ್ರಿಯಾದರೆ ಅದೇ ರಿಕವರಿ ಪರದೆಯಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ. ಫೀಚರ್ ಅಪ್‌ಡೇಟನ್ನು ಹಿಂದಕ್ಕೆ ಕಳಿಸಲು ಸಾಮಾನ್ಯವಾಗಿ 10 ದಿನಗಳ ಗಡುವು. ವಿಂಡೋಸ್‌ನದೇ ಡಿಸ್ಮ್ (DISM) ಆಜ್ಞೆಯಿಂದ ಅದನ್ನು 60 ದಿನಕ್ಕೆ ಹಿಗ್ಗಿಸಬಹುದು, ಆದರೆ ಗಡುವು ಮುಗಿಯುವ ಮೊದಲೇ ಮಾಡಬೇಕು. ಜಾಗ ಸಾಲದು ಅಂತ ಹಳೆಯ ವಿಂಡೋಸ್ ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದರಂತೂ ಹಿಂದಿರುಗುವ ದಾರಿ ಮುಚ್ಚಿತು. ಬಯೋಸ್ ಅಪ್‌ಡೇಟ್ ಆದ ಕೂಡಲೇ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅನ್ನುವ ದೋಷ ಬಂದರೆ ಏನನ್ನೂ ಅಳಿಸುವ ಮೊದಲು ಬಯೋಸ್ ಒಳಗೆ ಸ್ಟೋರೇಜ್ ಮೋಡ್, ಅಂದರೆ ಯಂತ್ರ ಡಿಸ್ಕ್ ಜೊತೆ ವ್ಯವಹರಿಸುವ ಬಗೆ, ನೋಡಿ. ರೇಡ್ ಅಥವಾ ವಿಎಂಡಿ ಇದ್ದದ್ದು ಎಎಚ್‌ಸಿಐಗೆ ಬದಲಾಗಿದ್ದರೆ ಹಳೆಯದಕ್ಕೆ ತಿರುಗಿಸಿ.

ಲಿನಕ್ಸ್ ಬಳಸುವವರಿಗೆ ಈ ಗೋಳು ಕಡಿಮೆ: ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡಿ, ಸರಿಯಿದ್ದರೆ ಹೊಸ ಕರ್ನಲ್‌ನದ್ದೋ ಅದಕ್ಕೆ ಹೊಂದದ ಗ್ರಾಫಿಕ್ಸ್ ಮಾಡ್ಯೂಲ್‌ನದ್ದೋ ತಪ್ಪು.

ಎಲ್ಲರೂ ಮೊದಲು ಹೇಳುವ ಎಸ್‌ಎಫ್‌ಸಿ ಸ್ಕ್ಯಾನ್ ಅನ್ನು ಇಲ್ಲಿ ಕೊನೆಗೆ ಇಟ್ಟಿದ್ದೇನೆ. ಅದು ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ರಿಪೇರಿ ಮಾಡುತ್ತದೆಯೇ ಹೊರತು ತಯಾರಕರ ಕೆಟ್ಟ ಡ್ರೈವರನ್ನಲ್ಲ. ಅಪ್‌ಡೇಟ್ ಅರ್ಧಕ್ಕೇ ನಿಂತು ಫೈಲ್‌ಗಳು ಹಾಳಾದ ಅನುಮಾನ ಇದ್ದರೆ ಮೊದಲು ಡಿಸ್ಮ್‌ನ ರಿಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ. ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತೆಗೆದುಕೊಳ್ಳುವ ಉಗ್ರಾಣವನ್ನು ರಿಪೇರಿ ಮಾಡುವುದೇ ಡಿಸ್ಮ್, ಉಗ್ರಾಣವೇ ಹಾಳಾಗಿದ್ದರೆ ಎಸ್‌ಎಫ್‌ಸಿ ತಾನೆ ಏನು ಮಾಡೀತು? ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲ್ ಇಳಿಸಿ, ವಿಂಡೋಸ್ ಓಡುತ್ತಿರುವಾಗಲೇ ಸೆಟಪ್ ನಡೆಸಿ, ಫೈಲ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಒತ್ತಿ. ಆ ಆಯ್ಕೆ ಮಂಕಾಗಿದ್ದರೆ ಅಲ್ಲೇ ನಿಲ್ಲಿಸಿ, ಐಎಸ್‌ಒದ ಭಾಷೆ ಅಥವಾ ಎಡಿಶನ್ ಹೊಂದುತ್ತಿಲ್ಲ.